ಹನಿಗಳ ಲೆಕ್ಕ

ಸರಕಾರಿ ಕಚೇರಿಯಲ್ಲಿ ದಿನವೂ ಅಂಕಿಗಳೊಡನೆ ಗುದ್ದಾಡುವ ನಮಗೆ, ಲೆಕ್ಕವೆಂದರೆ ನಮ್ಮದೇ ಎಂಬ ಸಣ್ಣ ಜಂಬವಿತ್ತು. ಅದು ಇಳಿದದ್ದು ಕೊಚ್ಚಿಯ ಒಂದು ಆಸ್ಪತ್ರೆಯಲ್ಲಿ.

ವಾಂತಿಭೇದಿಯಿಂದ ಬಳಲಿದ್ದ ತಂದೆಯವರಿಗೆ ಸಲೈನ್ ಏರಿಸುತ್ತಿದ್ದರು. ಹನಿ ತೀರ ನಿಧಾನವೆಂದು ತೋರಿತು. ಬಾಟಲಿ ಬೇಗ ಮುಗಿದರೆ ಬೇಗ ಚೇತರಿಸಿಕೊಂಡಾರೆಂದು, ನಳಿಗೆಯ ಮೇಲಿನ ಪುಟ್ಟ ಚಕ್ರವನ್ನು ನಾವೇ ತುಸು ತಿರುಗಿಸಿದೆವು. ಅಷ್ಟರಲ್ಲಿ ಬಂದ ನರ್ಸು ಗಡಿಯಾರ ನೋಡುತ್ತ ಹನಿ ಎಣಿಸಿ, ಚಕ್ರವನ್ನು ಮೊದಲಿನಂತೆ ಮಾಡಿದರು. “ಚೇಟ್ಟಾ, ಅಪ್ಪನ ಹೃದಯಕ್ಕೆ ಶಕ್ತಿ ಕಡಿಮೆ. ನೀರು ಒಮ್ಮೆಲೇ ಹೆಚ್ಚಾದರೆ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ” ಎಂದರು. ನಮ್ಮ ಬಾಯಿ ಕಟ್ಟಿತು.

ಮುಂದೆ ತಿರುವನಂತಪುರಕ್ಕೆ ವರ್ಗವಾದಾಗ, ನರ್ಸಿಂಗ್ ಓದುತ್ತಿದ್ದ ನೆರೆಮನೆಯ ಹುಡುಗಿಯಿಂದ ಈ ಲೆಕ್ಕವನ್ನು ಕೇಳಿ ತಿಳಿದೆವು. ಸಾಮಾನ್ಯ ನಳಿಗೆಗಳಲ್ಲಿ ಹೆಚ್ಚಾಗಿ 20 ಹನಿ ಸೇರಿದರೆ ಒಂದು ಮಿಲಿಲೀಟರು. ಮಕ್ಕಳಿಗೆ ಬಳಸುವ ಸಣ್ಣ ಹನಿಯ ನಳಿಗೆಯಲ್ಲಿ 60. ಪೊಟ್ಟಣದ ಮೇಲೆಯೇ ಅದು ಅಚ್ಚಾಗಿರುತ್ತದೆ. 500 ಮಿ.ಲೀ. ಸಲೈನ್ 4 ಗಂಟೆಗಳಲ್ಲಿ ಹೋಗಬೇಕೆನ್ನಿ. 500ನ್ನು 20ರಿಂದ ಗುಣಿಸಿ, 240 ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಸಣ್ಣ ಹನಿಯ ನಳಿಗೆಯಾದರೆ 125.

ಔಷಧಿ ಬೆರೆತಾಗ ಲೆಕ್ಕ ಇನ್ನೂ ಬಿಗಿ. ರಕ್ತದೊತ್ತಡ ಕುಸಿದಾಗ ಕೊಡುವ ಡೋಪಮಿನ್ ಎಂಬುದನ್ನು ರೋಗಿಯ ತೂಕ ನೋಡಿ ಕೊಡುತ್ತಾರೆ. 60 ಕಿಲೋ ತೂಗುವವರಿಗೆ ಕಿಲೋ ಒಂದಕ್ಕೆ ನಿಮಿಷಕ್ಕೆ 5 ಮೈಕ್ರೋಗ್ರಾಂ ಎಂದರೆ, ನಿಮಿಷಕ್ಕೆ 300 ಮೈಕ್ರೋಗ್ರಾಂ, ಗಂಟೆಗೆ 18 ಮಿಲಿಗ್ರಾಂ. 50 ಮಿ.ಲೀ.ಯಲ್ಲಿ 200 ಮಿಲಿಗ್ರಾಂ ಬೆರೆಸಿದ್ದರೆ ಗಂಟೆಗೆ 4.5 ಮಿ.ಲೀ. ಸಾಕು. ಬಿಂದುವೊಂದು ಕಣ್ತಪ್ಪಿ 45 ಆಯಿತೋ, ಔಷಧಿ ಹತ್ತು ಪಟ್ಟು! ಈಗ ಪಂಪುಗಳು ಬಂದಿವೆ, ನಿಜ. ಆದರೆ ಪಂಪಿಗೆ ಅಂಕಿ ಹೇಳಿಕೊಡುವುದು ಮನುಷ್ಯರೇ. ಆದ್ದರಿಂದಲೇ ಇಂಥ ಔಷಧಿಗಳಿಗೆ ಇಬ್ಬರು ನರ್ಸುಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುವ ಪದ್ಧತಿ.

1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಟ್ಟಾ ಎಂಬ ವೈದ್ಯರು ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದರು. ಅಂದು ಸಾಹಸವಾಗಿದ್ದುದು ಇಂದು ಪ್ರತಿ ವಾರ್ಡಿನ ನಿತ್ಯದ ಕೆಲಸ.

ತಂದೆಯವರು ಗುಣವಾಗಿ ಮನೆಗೆ ಬಂದರು. ನಮ್ಮ ಕಚೇರಿಯಲ್ಲಿ ತಪ್ಪು ಬಿದ್ದರೆ ಕೆಂಪು ಶಾಯಿಯಿಂದ ತಿದ್ದಬಹುದು. ರಕ್ತಕ್ಕೆ ಸೇರಿದ ಹನಿಯನ್ನು ಹಿಂದಕ್ಕೆ ಕರೆಯಲಾದೀತೇ? ಆದಕಾರಣ ವಾಚಕರಲ್ಲಿ ಒಂದೇ ಬಿನ್ನಹ: ಹನಿ ನಿಧಾನವೆನಿಸಿದರೆ ನರ್ಸನ್ನು ಕರೆಯಿರಿ, ಚಕ್ರವನ್ನು ಮಾತ್ರ ಮುಟ್ಟಬೇಡಿ.