ನೋಯದ ಗಂಟು

ಅಂಗಾಲಲ್ಲಿ ಗಂಟೊಂದು ಎದ್ದರೆ ಮನೆಯಲ್ಲಿ ಮೊದಲು ಕೇಳುವುದು ‘ನೋಯುತ್ತಾ?’ ಎಂದು. ಇಲ್ಲ ಎಂದರೆ ವಿಚಾರಣೆ ಅಲ್ಲಿಗೇ ಮುಗಿಯಿತು. ಈ ಲೆಕ್ಕ ಎಷ್ಟು ತಪ್ಪು ಎಂಬುದಕ್ಕೆ ‘ಮದುರಾ ಫೂಟ್’ ಕಾಯಿಲೆಯೇ ಸಾಕ್ಷಿ. 1842ರಲ್ಲಿ ಮದುರೈಯಲ್ಲಿದ್ದ ವೈದ್ಯ ಗಿಲ್ ಇದನ್ನು ವರದಿ ಮಾಡಿದರು; ಊರಿನ ಹೆಸರೇ ರೋಗಕ್ಕೆ ಅಂಟಿಕೊಂಡಿತು. ‘ಮೈಸಿಟೋಮಾ’ ಎಂಬ ಶಾಸ್ತ್ರೀಯ ಹೆಸರು ಕೊಟ್ಟು ಇದನ್ನು ಆಳವಾಗಿ ಅಭ್ಯಾಸ ಮಾಡಿದವರು ಮುಂಬೈಯಲ್ಲಿದ್ದ ಹೆನ್ರಿ ವ್ಯಾಂಡೈಕ್ ಕಾರ್ಟರ್. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುವ ‘ಗ್ರೇಸ್ ಅನಾಟಮಿ’ಯ 1858ರ ಮೊದಲ ಆವೃತ್ತಿಗೆ ಅದ್ಭುತ ಚಿತ್ರಗಳನ್ನು ಬರೆದುಕೊಟ್ಟದ್ದೂ ಇವರೇ.

ಈ ರೋಗ ಶುರುವಾಗುವುದು ಹೀಗೆ: ಬರಿಗಾಲಲ್ಲಿ ಹೊಲ ತುಳಿಯುವಾಗ ಜಾಲಿಮುಳ್ಳು ಚುಚ್ಚುತ್ತದೆ. ಮುಳ್ಳು ತೆಗೆದೂ ಆಯಿತು, ಮರೆತೂ ಆಯಿತು. ಅದರ ಜೊತೆ ಒಳಹೊಕ್ಕ ಮಣ್ಣಿನ ಶಿಲೀಂಧ್ರವೋ ಬ್ಯಾಕ್ಟೀರಿಯವೋ ಚರ್ಮದಡಿ ವರ್ಷಗಟ್ಟಲೆ ಬೆಳೆಯುತ್ತದೆ. ಮೊದಲು ಗಟ್ಟಿ ಗಂಟು, ಆಮೇಲೆ ಪಾದವೇ ದಪ್ಪ, ಅದರ ಮೇಲೆ ಕೀವು ಒಸರುವ ಸಣ್ಣ ಸಣ್ಣ ಬಾಯಿಗಳು. ಆ ಕೀವನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದರೆ ಪುಟ್ಟ ಕಾಳುಗಳು ಕಾಣುತ್ತವೆ. ಒಂದೊಂದು ಕಾಳೂ ಒತ್ತಾಗಿ ಹೆಣೆದುಕೊಂಡ ರೋಗಾಣುಗಳ ಉಂಡೆ. ಕಪ್ಪಾಗಿದ್ದರೆ ಶಿಲೀಂಧ್ರ, ಕೆಂಪಾಗಿದ್ದರೆ ಬ್ಯಾಕ್ಟೀರಿಯ. ಬಿಳಿಯದ್ದು ಎರಡೂ ಆಗಿರಬಹುದು. ಬ್ಯಾಕ್ಟೀರಿಯವಾದರೆ ತಿಂಗಳುಗಟ್ಟಲೆ ಆ್ಯಂಟಿಬಯೋಟಿಕ್ ಕೊಟ್ಟು ಗುಣಪಡಿಸಬಹುದು. ಶಿಲೀಂಧ್ರಕ್ಕೆ ದೀರ್ಘಕಾಲದ ಮಾತ್ರೆಯ ಜೊತೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ತಡವಾದರೆ ಕಾಲನ್ನೇ ಕತ್ತರಿಸುವ ಪರಿಸ್ಥಿತಿ. ಇಷ್ಟೆಲ್ಲ ನಡೆಯುವಾಗಲೂ ನೋವು ಹೆಚ್ಚಾಗಿ ಇರುವುದಿಲ್ಲ. ಅದು ಬರುವುದು ಬಹುಮಟ್ಟಿಗೆ ಮೂಳೆಗೆ ಇಳಿದ ಮೇಲೆ, ಇಲ್ಲವೇ ಬೇರೆ ಸೋಂಕು ಸೇರಿಕೊಂಡ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಷ್ಟೇ, ಗಿಲ್ ವರದಿಯ 174 ವರ್ಷಗಳ ನಂತರ.

ಕಾಲಿನ ಗಂಟುಗಳಲ್ಲಿ ಬಹುಪಾಲು ಆಣಿಯೋ, ನೀರು ತುಂಬಿದ ಗ್ಯಾಂಗ್ಲಿಯನ್ನೋ ಆಗಿರುತ್ತವೆ, ಪ್ರತಿಯೊಂದಕ್ಕೂ ಆಸ್ಪತ್ರೆಗೆ ಓಡಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಅವನ್ನು ವಿಂಗಡಿಸಲು ನೋವು ಸರಿಯಾದ ಅಳತೆಗೋಲಲ್ಲ: ಆಣಿ ಜೀವ ಹೋಗುವಷ್ಟು ನೋಯಬಹುದು, ಮೃದು ಅಂಗಾಂಶದ ಕ್ಯಾನ್ಸರ್ ಗಡ್ಡೆ ಸುಮ್ಮನೆ ಕೂತಿರಬಹುದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗಂತೂ ನೋವು ಗೊತ್ತೇ ಆಗುವುದಿಲ್ಲ. ನೋಡಬೇಕಾದದ್ದು ಬೆಳವಣಿಗೆಯನ್ನು. ವಾರದಿಂದ ವಾರಕ್ಕೋ, ತಿಂಗಳಿಂದ ತಿಂಗಳಿಗೋ ದೊಡ್ಡದಾಗುವ, ಆಳದಲ್ಲಿ ಗಟ್ಟಿಯಾಗಿ ಕೂತ, ಬಣ್ಣ ಬದಲಿಸುವ, ಒಸರುವ ಗಂಟನ್ನು ಬ್ಲೇಡಿನಿಂದ ಕೆರೆಯಬೇಡಿ, ವೈದ್ಯರಿಗೆ ತೋರಿಸಿ. ಕೀವಿನಲ್ಲಿ ಕಾಳು ಕಂಡಿದ್ದರೆ ಒರೆಸಿದ ಬಟ್ಟೆಯನ್ನು ಒಗೆಯದೆ ಜೊತೆಗೇ ಒಯ್ಯಿರಿ.