ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲವೇ?

ಚರ್ಚಾ ಕಾರ್ಯಕ್ರಮದ ಚಿತ್ರೀಕರಣ ಮುಗಿದು ಸ್ಟುಡಿಯೋ ದೀಪಗಳು ಆರುತ್ತಿದ್ದವು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು ಕೇಳಿದಳು: "ಸಾರ್, ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಸಾವು ಅಂತ ಅರ್ಧ ಗಂಟೇಲೇ ಸುದ್ದಿ ಬರುತ್ತಲ್ಲ, ಅಷ್ಟು ಬೇಗ ಅವರಿಗೆ ಹೇಗೆ ಗೊತ್ತಾಗುತ್ತೆ?" ವೇಳೆ ಮೀರಿದ್ದರಿಂದ ಆ ಪ್ರಶ್ನೆ ಪ್ರಸಾರವಾಗಲಿಲ್ಲ. ಉತ್ತರವನ್ನಾದರೂ ಈ ಪುಟದಲ್ಲಿ ಕೊಡೋಣವೆಂದುಕೊಂಡೆ. ಚಿಕ್ಕ ಉತ್ತರ ಇಷ್ಟೇ: ಬಹಳ ಸಲ ಅವರಿಗೂ ಗೊತ್ತಿರುವುದಿಲ್ಲ.

ಮೊದಲು ಸ್ವಲ್ಪ ಭೌತಶಾಸ್ತ್ರ. ಸ್ಕೈಡೈವಿಂಗ್ ಮಾಡುವವರು ಸಾಮಾನ್ಯವಾಗಿ 13,000 ಅಡಿಯ ಆಸುಪಾಸಿನಲ್ಲಿ, ಅಂದರೆ ಸುಮಾರು ನಾಲ್ಕು ಕಿಲೋಮೀಟರ್ ಎತ್ತರದಲ್ಲಿ, ವಿಮಾನದಿಂದ ಜಿಗಿಯುತ್ತಾರೆ. ಹೊಟ್ಟೆ ಕೆಳಗಾಗಿ ಬೀಳುವವರ ವೇಗ ಗಂಟೆಗೆ ಸುಮಾರು 190 ಕಿ.ಮೀ. ತಲುಪಿದ ಮೇಲೆ ಹೆಚ್ಚುವುದಿಲ್ಲ. ಗಾಳಿಯ ತಡೆ ದೇಹದ ತೂಕಕ್ಕೆ ಸಮವಾಗಿಬಿಡುತ್ತದೆ. ನಿಮ್ಮ ಪಠ್ಯಪುಸ್ತಕದ 'ಅಂತಿಮ ವೇಗ' ಇದೇ. ಬೆನ್ನಿನ ಚೀಲದಲ್ಲಿರುವುದು ಒಂದಲ್ಲ, ಎರಡು ಪ್ಯಾರಾಚೂಟ್: ಮುಖ್ಯವಾದದ್ದು ಒಂದು, ಮೀಸಲು ಒಂದು. ಇವುಗಳ ಜೊತೆಗೆ ಗಾಳಿಯ ಒತ್ತಡ ಅಳೆಯುವ ಪುಟ್ಟ ಎಲೆಕ್ಟ್ರಾನಿಕ್ ಸಾಧನವೊಂದಿರುತ್ತದೆ. 1991ರಲ್ಲಿ ಜರ್ಮನಿಯಲ್ಲಿ ತಯಾರಾದ 'ಸೈಪ್ರೆಸ್' ಎಂಬುದು ಇವುಗಳಲ್ಲಿ ಹೆಸರುವಾಸಿ. ಜಿಗಿದವರಿಗೆ ಪ್ರಜ್ಞೆ ತಪ್ಪಿ, ನೆಲಕ್ಕೆ ಸುಮಾರು 750 ಅಡಿ ಇರುವಾಗಲೂ ಅದೇ ವೇಗದಲ್ಲಿ ಬೀಳುತ್ತಿದ್ದರೆ, ಅದು ತಾನಾಗಿಯೇ ಮೀಸಲು ಪ್ಯಾರಾಚೂಟಿನ ಕಟ್ಟು ಕತ್ತರಿಸುತ್ತದೆ.

ಇಷ್ಟೆಲ್ಲ ಇರುವುದರಿಂದ, ಏನೂ ಬಿಚ್ಚಿಕೊಳ್ಳದೆ ಸಾಯುವುದು ಅಪರೂಪ. ಅಮೆರಿಕದಲ್ಲಿ 2023ರಲ್ಲಿ ಸುಮಾರು 36 ಲಕ್ಷ ಜಿಗಿತಗಳು ನಡೆದವು. ಸತ್ತವರು 10 ಮಂದಿ. ಇಂಥ ಸಾವುಗಳಲ್ಲಿ ದೊಡ್ಡ ಪಾಲು ಸಂಭವಿಸುವುದು ಚೆನ್ನಾಗಿ ಬಿಚ್ಚಿಕೊಂಡ, ಯಾವ ದೋಷವೂ ಇಲ್ಲದ ಪ್ಯಾರಾಚೂಟಿನ ಕೆಳಗೇ! ಇಂದಿನ ಪ್ಯಾರಾಚೂಟ್ ಕೊಡೆಯಲ್ಲ, ರೆಕ್ಕೆ. ಒಂದು ಬದಿಯ ಹಗ್ಗ ಎಳೆದರೆ ತಿರುಗುತ್ತದೆ, ತಿರುಗುತ್ತಲೇ ಧುಮುಕುತ್ತದೆ. ಬಾಲ ಕಿತ್ತುಹೋದ ಗಾಳಿಪಟ ಗಿರಕಿ ಹೊಡೆದು ಗದ್ದೆಗೆ ಬೀಳುವುದನ್ನು ನೋಡಿದ್ದೀರಲ್ಲ, ಹಾಗೆ. ನೆಲದ ಹತ್ತಿರ ಈ ತಿರುವು ತೆಗೆದುಕೊಂಡರೆ ಸಾವರಿಸಿಕೊಳ್ಳಲು ಎತ್ತರ ಉಳಿದಿರುವುದಿಲ್ಲ. ದೂರದ ಹೊಲದಲ್ಲಿ ನಿಂತು ನೋಡಿದವರಿಗೆ ಕಂಡದ್ದು ಕೊನೆಯ ಎರಡು ಮೂರು ಸೆಕೆಂಡು, ಆಮೇಲೆ ನೆಲದ ಮೇಲೆ ಮುದ್ದೆಯಾಗಿ ಬಿದ್ದ ಬಟ್ಟೆ. "ಬಿಚ್ಚಿಕೊಳ್ಳಲೇ ಇಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅದನ್ನು ಕಾರಣವೆಂದು ಬರೆದುಕೊಂಡ ವರದಿಗಾರನದು ತಪ್ಪು.

ಇಂಥ ತಪ್ಪು ಯಾರ ತಲೆಯ ಮೇಲೆ ಬೀಳಬಹುದು ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣ ನೋಡಿ. 2015ರ ಏಪ್ರಿಲ್ 5, ಈಸ್ಟರ್ ಭಾನುವಾರ. ವಿಲ್ಟ್‌ಶೈರ್ ಪ್ರಾಂತದ ನೆದರೇವನ್ ವಾಯುನೆಲೆಯಲ್ಲಿ ಒಬ್ಬ ಮಹಿಳೆ 4,000 ಅಡಿಯಿಂದ ಜಿಗಿದರು. ಎರಡು ಸಾವಿರಕ್ಕೂ ಹೆಚ್ಚು ಜಿಗಿತಗಳ ಅನುಭವಿ. ಅಂದು ಮುಖ್ಯ ಪ್ಯಾರಾಚೂಟಿನ ಹಗ್ಗಗಳು ಗೋಜಲಾದವು. ಮೀಸಲು ಪ್ಯಾರಾಚೂಟೂ ಕೈಕೊಟ್ಟಿತು. ಆಗತಾನೆ ಉತ್ತ ಮೆತ್ತನೆಯ ಹೊಲದಲ್ಲಿ ಬಿದ್ದದ್ದರಿಂದ, ಮೂಳೆಗಳು ಮುರಿದರೂ ಜೀವ ಉಳಿಯಿತು. ಉಪಕರಣ ಕೇಂದ್ರದಿಂದಲೇ ಬಾಡಿಗೆಗೆ ಪಡೆದದ್ದು. ಆ ಸಂಜೆಯೇ "ಮಡಿಸಿಟ್ಟವರ ನಿರ್ಲಕ್ಷ್ಯ" ಎಂದು ಯಾರಾದರೂ ಬರೆದಿದ್ದರೆ ನಂಬದವರು ಯಾರು? ಆದರೆ ಕೇಂದ್ರದ ಅನುಭವಿಗಳು ಪರಿಶೀಲಿಸಿದಾಗ, ಮೀಸಲು ಪ್ಯಾರಾಚೂಟನ್ನು ಪಟ್ಟಿಗಳಿಗೆ ಬಂಧಿಸುವ ಕೊಂಡಿಗಳಲ್ಲಿ ಎರಡು ಇರಲೇ ಇಲ್ಲ. ಅವು ಅಕಸ್ಮಾತ್ತಾಗಿ ಕಳಚಿಹೋಗುವಂಥವಲ್ಲ. ಪೊಲೀಸರು ಬಂದರು. ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಕೊನೆಗೆ 2018ರಲ್ಲಿ ವಿಂಚೆಸ್ಟರ್ ನ್ಯಾಯಾಲಯದಲ್ಲಿ ಅಪರಾಧಿಯೆಂದು ತೀರ್ಮಾನವಾದದ್ದು ಆಕೆಯ ಗಂಡ! ಹಿಂದಿನ ದಿನ ಉಪಕರಣವನ್ನು ಕೆಡಿಸಿಟ್ಟವನು ಅವನೇ. ಜೀವಾವಧಿ ಶಿಕ್ಷೆಯಾಯಿತು. ಸತ್ಯ ಹೊರಬರಲು ಮೂರು ವರ್ಷ ಹಿಡಿಯಿತು. ಮೊದಲ ದಿನವೇ ತಪ್ಪು ಹೊರಿಸಿದ್ದರೆ, ಪ್ಯಾರಾಚೂಟ್ ಮಡಿಸಿಟ್ಟ ನಿರಪರಾಧಿ ಆ ಮೂರು ವರ್ಷ ಹೇಗೆ ತಲೆಯೆತ್ತಿ ಓಡಾಡಬೇಕಿತ್ತು?

ಜಿಗಿಯುವವರು ತಮ್ಮ ಅಪಘಾತಗಳ ಬಗ್ಗೆ ತಾವೇ ಬರೆದುಕೊಳ್ಳುತ್ತಾರೆ. ಅಮೆರಿಕದ ಪ್ಯಾರಾಚೂಟ್ ಸಂಘದ 'ಪ್ಯಾರಾಚೂಟಿಸ್ಟ್' ಪತ್ರಿಕೆಯಲ್ಲಿ ಇಂಥ ವರದಿಗಳು ಬರುತ್ತವೆ. ಅಲ್ಲಿ ಸತ್ತವರ ಹೆಸರಿರುವುದಿಲ್ಲ. ಎಷ್ಟು ಜಿಗಿತಗಳ ಅನುಭವವಿತ್ತು, ಏನಾಯಿತು, ಇತರರು ಕಲಿಯಬೇಕಾದದ್ದೇನು ಎಂದಷ್ಟೇ ಇರುತ್ತದೆ. ಜೊತೆಗಾರರು ಒಬ್ಬರಿಗೊಬ್ಬರು ಮನಬಿಚ್ಚಿ ಹೇಳಿಕೊಂಡದ್ದೇ ಇವಕ್ಕೆ ಆಧಾರ. "ಅವನು ಅಂದು ಆತುರದಲ್ಲಿದ್ದ" ಎಂದು ಗೆಳೆಯನೊಬ್ಬ ಕಲಿಕೆಗಾಗಿ ಆಡಿದ ಮಾತನ್ನು ಎತ್ತಿ, ಹೆಸರಿನ ಸಮೇತ ತಲೆಬರಹ ಮಾಡಿದರೆ, ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಆಗ ಅದೇ ತಪ್ಪಿಗೆ ಇನ್ನೊಬ್ಬ ಬಲಿ.

ಹಾಗೆಂದು ಪತ್ರಿಕೆಯವರು ಬಾಯಿ ಮುಚ್ಚಿಕೊಂಡಿರಲಿ ಎಂಬ ವಾದವೂ ನನಗೆ ಒಪ್ಪಿಗೆಯಿಲ್ಲ. 2016ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೇಂದ್ರದಲ್ಲಿ, ಮೊದಲ ಸಲ ಜಿಗಿಯಲು ಬಂದ 18 ವರ್ಷದ ಹುಡುಗ ಮತ್ತು ಅವನನ್ನು ತನ್ನ ದೇಹಕ್ಕೆ ಕಟ್ಟಿಕೊಂಡು ಜಿಗಿದ ಶಿಕ್ಷಕ, ಇಬ್ಬರೂ ಸತ್ತರು. ಶಿಕ್ಷಕನಿಗೆ ಅಂಥ ಜೋಡಿ ಜಿಗಿತಕ್ಕೆ ಬೇಕಾದ ಸರಿಯಾದ ಅರ್ಹತೆಯೇ ಇರಲಿಲ್ಲವೆಂದು ಆಮೇಲೆ ಬೆಳಕಿಗೆ ಬಂತು. ತಾನು ಅಮಾನತಿನಲ್ಲಿದ್ದಾಗಲೇ ಬೇರೊಬ್ಬರ ಸಹಿ ಬಳಸಿ ತರಬೇತಿ ಪತ್ರಗಳನ್ನು ಕೊಡುತ್ತಿದ್ದವನು ತಪ್ಪಿತಸ್ಥನೆಂದು 2024ರಲ್ಲಿ ತೀರ್ಪಾಯಿತು. ಇಂಥ ಕಡೆ ಸಭ್ಯತೆಯ ಹೆಸರಿನಲ್ಲಿ ಸುಮ್ಮನಿದ್ದರೆ, ಅದು ಸತ್ತವರಿಗೆ ತೋರುವ ಗೌರವವಲ್ಲ, ಕೇಂದ್ರಕ್ಕೆ ಮಾಡುವ ಉಪಕಾರ. ಇಲ್ಲಿ ಕೆದಕಿ ಕೇಳಲೇಬೇಕು: ಪರವಾನಗಿ ಯಾರದು, ಸಹಿ ಯಾರದು, ಹಿಂದೆಯೂ ಹೀಗಾಗಿತ್ತೇ? ಇವು ದಾಖಲೆಗಳಿಗೆ ಕೇಳುವ ಪ್ರಶ್ನೆಗಳು, ಅಳುತ್ತಿರುವ ತಾಯಿಗೆ ಕೇಳುವ ಪ್ರಶ್ನೆಗಳಲ್ಲ.

ಇನ್ನು ಹೆಸರಿನ ವಿಚಾರ. ಮನೆಯವರಿಗೆ ತಿಳಿಯುವ ಮೊದಲು ಸತ್ತವರ ಹೆಸರನ್ನು ಹೇಳಬಾರದೆಂಬುದು ಬಿ.ಬಿ.ಸಿ.ಯ ಸಂಪಾದಕೀಯ ಮಾರ್ಗಸೂಚಿಯಲ್ಲೂ ಇದೆ. ನಾನಿದನ್ನು ಕಲಿತದ್ದು ಮಾತ್ರ ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ರಸ್ತೆ ಅಪಘಾತದಲ್ಲಿ ಸತ್ತ ಯುವಕನ ಹೆಸರನ್ನು ಪರದೆಯ ಕೆಳಗೆ ಓಡಿಸಿದವನು ನಾನೇ. ಹೆಸರು ಸರಿಯಾಗಿಯೇ ಇತ್ತು. ತಂಗಿಗೆ ತಿಳಿಸಲೆಂದು ಮನೆಯವರು ಚಿಕ್ಕಪ್ಪನನ್ನು ಅವಳ ಹಾಸ್ಟೆಲಿಗೆ ಕಳಿಸಿದ್ದರು. ಅವರು ದಾರಿಯಲ್ಲಿರುವಾಗಲೇ ಅವಳು ಹಾಸ್ಟೆಲಿನ ಟಿ.ವಿ.ಯಲ್ಲಿ ಓದಿದಳು. ವಾರದ ನಂತರ ಆ ಚಿಕ್ಕಪ್ಪ ಕಚೇರಿಗೆ ಬಂದರು. ಜಗಳವಾಡಲಿಲ್ಲ. "ಹತ್ತು ನಿಮಿಷ ತಡೀಬೋದಿತ್ತಲ್ವೇ ಸ್ವಾಮಿ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಹಾಗಾದರೆ ಮೊದಲ ಗಂಟೆಯಲ್ಲಿ ಏನು ಹೇಳಬಹುದು? ನಮ್ಮಲ್ಲಿಗೆ ಕಲಿಯಲು ಬರುವವರಿಂದ ನಾನು ಹೀಗೆ ಬರೆಸುತ್ತೇನೆ: "ಪ್ಯಾರಾಚೂಟ್ ಜಿಗಿತದ ವೇಳೆ ಇಂದು ಬೆಳಿಗ್ಗೆ ಒಬ್ಬರು ಮೃತಪಟ್ಟಿದ್ದಾರೆ. ಕಾರಣ ತಿಳಿದುಬಂದಿಲ್ಲ. ಉಪಕರಣವನ್ನು ತಜ್ಞರು ಪರಿಶೀಲಿಸುತ್ತಿದ್ದಾರೆ. ಕುಟುಂಬದವರಿಗೆ ತಿಳಿಸಿದ ನಂತರ ಹೆಸರನ್ನು ಪ್ರಕಟಿಸಲಾಗುವುದು." ಓದಲು ಹದಿನೈದು ಸೆಕೆಂಡು ಸಾಕು. ಎರಡನೆಯ ವಾಕ್ಯವನ್ನು ಬರೆಯಲು ಮಾತ್ರ ಎಲ್ಲರೂ ತಡಕಾಡುತ್ತಾರೆ.