ಅಪ್‌ಡೇಟ್ ಮುಂದೂಡಿದ ಒಂದು ವಾರ

ಹೋಂಸ್ಟೇ, ಬೇಕರಿ, ಸೀರೆ ಅಂಗಡಿ ನಡೆಸುವವರು ಈಗ ತಮ್ಮ ವೆಬ್‌ಸೈಟಿಗೆ ತಾವೇ ಫೋಟೋ ಹಾಕುತ್ತಾರೆ, ತಾವೇ ದರ ತಿದ್ದುತ್ತಾರೆ. ಇದು ಒಳ್ಳೆಯ ಬೆಳವಣಿಗೆ. ಆದರೆ ದರ ತಿದ್ದಲು ಲಾಗಿನ್ ಆದಾಗ ಕಾಣುವ ‘ಅಪ್‌ಡೇಟ್ ಲಭ್ಯವಿದೆ’ ಎಂಬ ಸಾಲನ್ನು ‘ಆಮೇಲೆ ನೋಡೋಣ’ ಎಂದು ಬಿಟ್ಟುಬಿಡುವವರು ಬಹಳ. ಆ ‘ಆಮೇಲೆ’ ಎಷ್ಟು ದುಬಾರಿ ಎಂಬುದಕ್ಕೆ ದಾಖಲೆಯಿದೆ.

ಜಗತ್ತಿನ ಶೇ. 40ಕ್ಕೂ ಹೆಚ್ಚು ವೆಬ್‌ಸೈಟುಗಳು ವರ್ಡ್‌ಪ್ರೆಸ್ ತಂತ್ರಾಂಶದ ಮೇಲೆ ನಿಂತಿವೆ. ಅದರಲ್ಲಿದ್ದ ಒಂದು ದೋಷಕ್ಕೆ 2017ರ ಜನವರಿ 26ರಂದು ಪರಿಹಾರ ಬಿಡುಗಡೆಯಾಯಿತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ಪುಟದ ಬರಹ ಬದಲಿಸಬಹುದಾದ ದೋಷ ಅದು. ಎಲ್ಲರೂ ಅಪ್‌ಡೇಟ್ ಮಾಡಿಕೊಳ್ಳಲಿ ಎಂದು ಸುಮಾರು ಒಂದು ವಾರ ಅದನ್ನು ಗುಟ್ಟಾಗಿಟ್ಟರು. ಫೆಬ್ರವರಿ 1ರಂದು ವಿವರ ಹೊರಬಂತು. ಎರಡು ದಿನವೂ ತುಂಬುವ ಮೊದಲೇ ದಾಳಿ ಶುರುವಾಯಿತು. ಕೆಲವೇ ದಿನಗಳಲ್ಲಿ 15 ಲಕ್ಷದಷ್ಟು ಪುಟಗಳು ವಿರೂಪಗೊಂಡವು. ಅಪ್‌ಡೇಟ್ ಆಗಿದ್ದ ಸೈಟುಗಳಿಗೆ ಈ ದೋಷದಿಂದ ಏನೂ ಆಗಲಿಲ್ಲ.

‘ನನ್ನ ಪುಟ್ಟ ಬೇಕರಿ ಯಾರ ಕಣ್ಣಿಗೆ ಬಿದ್ದೀತು?’ ಎನ್ನಬೇಡಿ. ಹುಡುಕುವುದು ಮನುಷ್ಯರಲ್ಲ, ಬಾಟ್‌ಗಳು. ಅವು ಅಂಗಡಿಯ ಗಾತ್ರ ನೋಡುವುದಿಲ್ಲ, ಹಳೆಯ ಆವೃತ್ತಿಯನ್ನಷ್ಟೇ ನೋಡುತ್ತವೆ. 2020ರ ಸೆಪ್ಟೆಂಬರಿನಲ್ಲಿ 7 ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿದ್ದ ‘ಫೈಲ್ ಮ್ಯಾನೇಜರ್’ ಎಂಬ ಪ್ಲಗಿನ್‌ನಲ್ಲಿದ್ದ (ವರ್ಡ್‌ಪ್ರೆಸ್‌ಗೆ ಜೋಡಿಸುವ ಹೆಚ್ಚುವರಿ ತಂತ್ರಾಂಶ) ಕಂಡಿಯ ಮೂಲಕ ದಾಳಿಕೋರರು ನುಗ್ಗಿದರು. ಕೆಲವರು ಒಳಬಂದ ಮೇಲೆ ಆ ಕಂಡಿಗೆ ತಮ್ಮದೇ ಪಾಸ್‌ವರ್ಡ್ ಹಾಕಿಕೊಂಡರು, ಬೇರೆ ಕಳ್ಳರು ಬರದಿರಲೆಂದು!

ಇಂಥ ಹಾನಿ ಮಾಲೀಕರ ಕಣ್ಣಿಗೆ ಕೂಡಲೇ ಬೀಳುವುದೂ ಇಲ್ಲ. ‘ಜಪಾನೀಸ್ ಕೀವರ್ಡ್ ಹ್ಯಾಕ್’ ಎಂಬ ದಾಳಿಯಲ್ಲಿ ನಿಮ್ಮ ವಿಳಾಸದಡಿ ಜಪಾನಿ ಭಾಷೆಯ ನಕಲಿ ಮಾಲಿನ ಪುಟಗಳು ಹುಟ್ಟಿಕೊಳ್ಳುತ್ತವೆ. ಗೂಗಲ್‌ಗೆ ಅವು ಕಾಣುತ್ತವೆ. ನೀವು ತೆರೆದರೆ ‘ಪುಟ ಸಿಗಲಿಲ್ಲ’ ಎಂದು ಬರಬಹುದು. ವರ್ಷಗಟ್ಟಲೆ ಗಳಿಸಿದ ಹೆಸರು ಹೀಗೆ ಸದ್ದಿಲ್ಲದೆ ಕೆಡುತ್ತದೆ.

ಬ್ಯಾಕಪ್ ಇದೆ ಎಂಬ ಧೈರ್ಯವೂ ಸಾಲದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಸೆಂಟರ್ ಸುಟ್ಟಾಗ 36 ಲಕ್ಷ ಸೈಟುಗಳು ಸ್ಥಗಿತವಾದವು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಕೆಲವರಿಗೆ ಮತ್ತೆ ಕಟ್ಟಲು ಏನೂ ಉಳಿಯಲಿಲ್ಲ.

ಆದ್ದರಿಂದ ಅಪ್‌ಡೇಟ್ ತಾನಾಗಿಯೇ ಆಗುವಂತೆ ಇಡಿ. ಬಳಸದ ಪ್ಲಗಿನ್ ಅಳಿಸಿ. ಸೈಟ್ ಮಾಡಿಕೊಟ್ಟು ಹೋದವರ ಹಳೆಯ ಲಾಗಿನ್ ತೆಗೆಯಿರಿ, ಎರಡು ಹಂತದ ದೃಢೀಕರಣ ಹಾಕಿ. ಬ್ಯಾಕಪ್ಪಿನ ಒಂದು ಪ್ರತಿ ನಿಮ್ಮ ಕೈಯಲ್ಲೇ ಇರಲಿ. ರಾತ್ರಿ ಷಟರ್ ಎಳೆದ ಮೇಲೆ ಬೀಗ ಜಗ್ಗಿ ನೋಡದೆ ನೀವು ಮನೆಗೆ ಹೋಗುವುದಿಲ್ಲ. ಷಟರೇ ಇಲ್ಲದ ಈ ಅಂಗಡಿಗೂ ವಾರಕ್ಕೊಮ್ಮೆ ಅಷ್ಟು ಗಮನ ಕೊಡಿ.